ಹಲ್ಲು ಸೆಟ್ಟಿನ ಬೇಸ್ ಕೈಕೊಟ್ಟರೆ: ದೋಷ ಎಲ್ಲಿಂದ ಬಂತು ಅಂತ ಹುಡುಕುವ ಬಗೆ

ಒಡೆದ ಹಲ್ಲು ಸೆಟ್ಟನ್ನು ಕೋಲ್ಡ್ ಕ್ಯೂರ್ (ಬೇಯಿಸದೆ ತಾನಾಗಿ ಗಟ್ಟಿಯಾಗುವ ಅಕ್ರಿಲಿಕ್) ಹಾಕಿ ಜೋಡಿಸಿ ಕೊಡುವುದು ದೊಡ್ಡ ಕೆಲಸವಲ್ಲ. ಆದರೆ ಯಾಕೆ ಒಡೆಯಿತು ಅಂತ ನೋಡದೆ ಜೋಡಿಸಿದರೆ ಅದು ಮತ್ತೆ ಲ್ಯಾಬ್‌ಗೆ ಬರುತ್ತದೆ. ಎರಡನೇ ಸಲ ಬಂದಾಗ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿರುತ್ತದೆ. ಬೇಸ್‌ನಲ್ಲಿ, ಅಂದರೆ ಹಲ್ಲುಗಳನ್ನು ಹಿಡಿದುಕೊಂಡು ಒಸಡಿನ ಮೇಲೆ ಕೂರುವ ಭಾಗದಲ್ಲಿ, ಕಾಣುವ ಪ್ರತಿ ದೋಷಕ್ಕೂ ಒಂದು ಜಾಗ ಇದೆ, ಒಂದು ಸಮಯ ಇದೆ. ಆ ಎರಡನ್ನು ಸರಿಯಾಗಿ ಓದಿದರೆ ಕಾರಣ ಬಹುತೇಕ ಸಿಕ್ಕಿಬಿಡುತ್ತದೆ. "ಮೆಟೀರಿಯಲ್ ಸರಿ ಇಲ್ಲ" ಅನ್ನುವ ಮಾತನ್ನು ಎಲ್ಲ ನೋಡಿ ಮುಗಿದ ಮೇಲೆ, ಕೊನೆಯಲ್ಲಿ ಹೇಳಬೇಕು.

ಲ್ಯಾಬ್‌ನಲ್ಲಿ ಕೆಲಸ ಮಾಡುವವರು, ಡೆಂಟಲ್ ಮೆಕ್ಯಾನಿಕ್ಸ್ ಓದುತ್ತಿರುವವರು, ಹೊಸದಾಗಿ ಕ್ಲಿನಿಕ್ ಇಟ್ಟಿರುವ ಡಾಕ್ಟರ್‌ಗಳು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮನೆಯಲ್ಲಿ ಅಜ್ಜ ಅಜ್ಜಿಯ ಸೆಟ್ಟು ನೋಡಿಕೊಳ್ಳುವವರಿಗೂ ಕೆಲವು ಭಾಗ ಉಪಯೋಗಕ್ಕೆ ಬರುತ್ತದೆ.

ಕೈಗೆ ಬಂದ ಕೂಡಲೇ ನೋಡಬೇಕಾದ್ದು

ಸೆಟ್ಟನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿಯಿರಿ. ಟ್ರಿಮ್ಮರ್ ಮುಟ್ಟಬೇಡಿ. ಒಮ್ಮೆ ಉಜ್ಜಿದರೆ ಸಾಕ್ಷಿ ಹೋಗುತ್ತದೆ.

ಮೊದಲು ಯಾವ ವಸ್ತು ಅಂತ ತಿಳಿಯಬೇಕು. ನಮ್ಮಲ್ಲಿ ಬರುವ ಸೆಟ್ಟುಗಳಲ್ಲಿ ಜಾಸ್ತಿ ಪಾಲು ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡುವ ಹೀಟ್ ಕ್ಯೂರ್ ಅಕ್ರಿಲಿಕ್, ಅಂದರೆ ಪಾಲಿಮಿಥೈಲ್ ಮೆಥಾಕ್ರಿಲೇಟ್. 1930ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಇದು ಅದಕ್ಕೂ ಮುಂಚೆ ಇದ್ದ ವಲ್ಕನೈಟ್ ರಬ್ಬರನ್ನು ಬೇಗನೆ ಬದಿಗೆ ಸರಿಸಿತು. ವಲ್ಕನೈಟ್ ಗಟ್ಟಿಯಾಗಿತ್ತು ನಿಜ, ಆದರೆ ಒಸಡಿನ ಬಣ್ಣ ಬರುತ್ತಿರಲಿಲ್ಲ, ವಾಸನೆ ಹಿಡಿದುಕೊಳ್ಳುತ್ತಿತ್ತು. ಅಕ್ರಿಲಿಕ್ ಹಗುರ, ಬಣ್ಣ ಚೆನ್ನ, ರಿಪೇರಿ ಸುಲಭ. ಅದರ ದೌರ್ಬಲ್ಯಗಳೂ ಗೊತ್ತಿರುವಂಥವೇ: ಪೆಟ್ಟಿಗೆ ಒಡೆಯುತ್ತದೆ, ಪದೇ ಪದೇ ಬಾಗಿದರೆ ಸುಸ್ತಾಗಿ ಬಿರಿಯುತ್ತದೆ, ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ, ಬೇಗ ಗೀರು ಬೀಳುತ್ತದೆ.

ಬೆರಳಲ್ಲಿ ಒತ್ತಿದರೆ ಬಾಗುವ ಸೆಟ್ಟು ನೈಲಾನ್ ಜಾತಿಯದು, ನಾವು ಫ್ಲೆಕ್ಸಿಬಲ್ ಅನ್ನುತ್ತೇವೆ. ಅಂಗುಳದಲ್ಲಿ ತೆಳ್ಳಗಿನ ಲೋಹದ ತಗಡು ಇದ್ದರೆ ಅದು ಸಾಮಾನ್ಯವಾಗಿ ಕೋಬಾಲ್ಟ್ ಕ್ರೋಮಿಯಂ. ಈಗ ಮಿಲ್ ಮಾಡಿದ (ಗಟ್ಟಿ ತುಂಡಿನಿಂದ ಮೆಷಿನ್‌ನಲ್ಲಿ ಕೊರೆದ) ಬೇಸ್, ತ್ರೀಡಿ ಪ್ರಿಂಟ್ ಮಾಡಿದ ಬೇಸ್ ಕೂಡ ಬರುತ್ತಿವೆ. ಒಂದೇ ಸೆಟ್ಟಿನಲ್ಲಿ ಎರಡು ವಸ್ತು ಇರಬಹುದು. ಹಳೆಯ ರಿಪೇರಿ ಇದ್ದರೆ ಅಲ್ಲಿ ಕೋಲ್ಡ್ ಕ್ಯೂರ್ ಇರುತ್ತದೆ, ಬಣ್ಣ ಸ್ವಲ್ಪ ಬೇರೆ ಇರುತ್ತದೆ.

ಆಮೇಲೆ ಕೇಳಿ: ದೋಷ ಮೊದಲ ದಿನದಿಂದಲೇ ಇತ್ತಾ, ತಿಂಗಳುಗಳ ನಂತರ ಬಂತಾ, ವರ್ಷಗಳ ನಂತರ ಬಂತಾ? ಮೊದಲ ದಿನದ ದೋಷ ಲ್ಯಾಬ್‌ನಿಂದ ಅಥವಾ ಅಳತೆಯಿಂದ ಬಂದದ್ದು. ವರ್ಷಗಳ ನಂತರದ್ದು ಬಾಯಿಯೊಳಗಿನ ಬದಲಾವಣೆಯಿಂದ ಅಥವಾ ಬಳಕೆಯಿಂದ ಬಂದದ್ದು. ಇದಕ್ಕೆ ಅಪವಾದ ಇದೆ, ಮುಂದೆ ಬರುತ್ತದೆ.

ಬೇಸ್‌ನಲ್ಲಿ ತೂತುಗಳು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅಕ್ರಿಲಿಕ್ ಪೌಡರನ್ನು ಲಿಕ್ವಿಡ್ (ಮೋನೊಮರ್) ಜೊತೆ ಹಿಟ್ಟಿನ ಹಾಗೆ ಕಲಸಿ, ಫ್ಲಾಸ್ಕ್ ಅನ್ನುವ ಲೋಹದ ಡಬ್ಬಿಯೊಳಗಿನ ಸ್ಟೋನ್ (ಗಟ್ಟಿ ಜಿಪ್ಸಂ) ಅಚ್ಚಿಗೆ ಒತ್ತಿ ತುಂಬುತ್ತೇವೆ, ಅದೇ ಪ್ಯಾಕ್ ಮಾಡುವುದು. ಆಮೇಲೆ ಬಿಸಿ ನೀರಿನಲ್ಲಿ ಬೇಯಿಸುತ್ತೇವೆ. ನೋಡಲು ಎಲ್ಲ ತೂತೂ ಒಂದೇ ಥರ ಕಾಣುತ್ತವೆ, ಆದರೆ ಕಾರಣ ಮೂರ್ನಾಲ್ಕು. ಒಂದಕ್ಕೆ ಮಾಡುವ ಪರಿಹಾರ ಇನ್ನೊಂದನ್ನು ಜಾಸ್ತಿ ಮಾಡಬಹುದು.

ತೂತುಗಳು ದಪ್ಪ ಇರುವ ಜಾಗದಲ್ಲಿ ಮಾತ್ರ ಇವೆಯಾ ನೋಡಿ. ಕೆಳಗಿನ ಸೆಟ್ಟಿನಲ್ಲಿ ನಾಲಿಗೆಯ ಕಡೆಯ ದಪ್ಪ ಅಂಚು, ಮೇಲಿನ ಸೆಟ್ಟಿನಲ್ಲಿ ಹಿಂದಿನ ಹಲ್ಲುಗಳ ಮೇಲ್ಭಾಗ. ಹೊರ ಮೈ ನುಣುಪಾಗಿದ್ದು, ಟ್ರಿಮ್ ಮಾಡಿದಾಗ ಒಳಗೆ ದುಂಡನೆ ಗುಳ್ಳೆಗಳು ಸಿಕ್ಕರೆ ಅದು ಲಿಕ್ವಿಡ್ ಕುದಿದು ಬಂದದ್ದು. ಮೋನೊಮರ್ ಕುದಿಯುವುದು ಸುಮಾರು 100.8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪೌಡರ್‌ನಲ್ಲಿರುವ ಬೆಂಜಾಯಿಲ್ ಪೆರಾಕ್ಸೈಡ್ 60 ಡಿಗ್ರಿ ದಾಟಿದ ಮೇಲೆ ಒಡೆದು ಕ್ರಿಯೆ ಶುರು ಮಾಡುತ್ತದೆ, ಆ ಕ್ರಿಯೆಯೇ ಶಾಖ ಹುಟ್ಟಿಸುತ್ತದೆ. ತೆಳು ಜಾಗದಲ್ಲಿ ಆ ಶಾಖವನ್ನು ಸುತ್ತಲಿನ ಸ್ಟೋನು, ಫ್ಲಾಸ್ಕಿನ ಲೋಹ ಎಳೆದುಕೊಳ್ಳುತ್ತವೆ. ದಪ್ಪ ಜಾಗದ ನಡುವೆ ಶಾಖಕ್ಕೆ ದಾರಿ ಇಲ್ಲ. ನೀರಿನ ಬಿಸಿಗೆ ಒಳಗಿನ ಬಿಸಿಯೂ ಸೇರಿ ಮೋನೊಮರ್ ಅಲ್ಲೇ ಕುದಿಯುತ್ತದೆ. ಹಾಗಾಗಿ ಕುದಿಯುವ ನೀರಿಗೆ ಫ್ಲಾಸ್ಕನ್ನು ನೇರವಾಗಿ ಇಳಿಸಬಾರದು. 74 ಡಿಗ್ರಿಯಲ್ಲಿ ಸುಮಾರು ಎರಡು ಗಂಟೆ ಇಟ್ಟು, ಆಮೇಲೆ ಕುದಿಯುವ ನೀರಿನಲ್ಲಿ ಒಂದು ಗಂಟೆ. ಅಥವಾ 74 ಡಿಗ್ರಿಯಲ್ಲೇ ಎಂಟು ಗಂಟೆ ಅಥವಾ ಅದಕ್ಕೂ ಜಾಸ್ತಿ, ರಾತ್ರಿಯಿಡೀ. ಮಾಮೂಲಿ ಹೀಟ್ ಕ್ಯೂರ್‌ಗೆ ಈ ಎರಡು ದಾರಿ ನಂಬಿಕೆಯವು. ಬೇಗ ಬೇಯುವ ಬೇರೆ ಮೆಟೀರಿಯಲ್‌ಗೆ ಕಂಪನಿ ಕೊಟ್ಟ ಚೀಟಿಯನ್ನೇ ಅನುಸರಿಸಿ.

ನಿಮ್ಮ ಅಕ್ರಿಲೈಸರ್ (ಫ್ಲಾಸ್ಕ್ ಬೇಯಿಸುವ ಮೆಷಿನ್) ತೋರಿಸುವ ಡಿಗ್ರಿ ನಿಜವಾ ಅಂತ ಒಂದು ಬೇರೆ ಥರ್ಮಾಮೀಟರ್ ಇಳಿಸಿ ನೋಡಿ. ಥರ್ಮೋಸ್ಟಾಟ್ ಕೆಟ್ಟು ನೀರು ಮೊದಲ ಹಂತದಲ್ಲೇ 90ಕ್ಕೆ ಏರಿದ್ದರೆ ಎಷ್ಟು ಹುಷಾರಾಗಿ ಪ್ಯಾಕ್ ಮಾಡಿದರೂ ಗುಳ್ಳೆ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಅಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. 100 ಬರಲಿಲ್ಲ ಅಂತ ಮೆಷಿನ್ ಮೇಲೆ ಅನುಮಾನ ಪಡಬೇಕಾಗಿಲ್ಲ.

ತೂತುಗಳು ದಪ್ಪ ತೆಳು ಅನ್ನದೆ ಎಲ್ಲ ಕಡೆ ಹರಡಿದ್ದರೆ, ದುಂಡಗಿಲ್ಲದೆ ಓರೆಕೋರೆ ಆಕಾರದಲ್ಲಿದ್ದರೆ, ಅದು ಒತ್ತಡ ಸಾಲದೆ ಬಂದದ್ದು. ಮೋನೊಮರ್ ಒಂದೇ ಗಟ್ಟಿಯಾದರೆ ಗಾತ್ರದಲ್ಲಿ ಸುಮಾರು 21 ಶೇಕಡಾ ಕುಗ್ಗುತ್ತದೆ. ಪೌಡರ್ ಜೊತೆ 3:1 ಅಳತೆಯಲ್ಲಿ ಕಲಸುವುದರಿಂದ ಅದು ಸುಮಾರು 7 ಶೇಕಡಾಕ್ಕೆ ಇಳಿಯುತ್ತದೆ. ಆ ಕುಗ್ಗುವಿಕೆಯನ್ನು ತುಂಬಿಕೊಡುವುದು ಫ್ಲಾಸ್ಕಿನೊಳಗಿನ ಒತ್ತಡ. ಮೆಟೀರಿಯಲ್ ಕಡಿಮೆ ಹಾಕಿದ್ದರೆ, ಕ್ಲ್ಯಾಂಪ್ ಸಡಿಲ ಇದ್ದರೆ, ಒತ್ತಡ ಇರುವುದಿಲ್ಲ. ಇನ್ನೊಂದು ಕಾರಣ ಜನ ಬೇಗ ಗಮನಿಸುವುದಿಲ್ಲ: ಹದ ಬರುವ ಮೊದಲೇ, ಇನ್ನೂ ನೂಲು ನೂಲಾಗಿ ಎಳೆಯುತ್ತಿರುವಾಗ ಪ್ಯಾಕ್ ಮಾಡುವುದು. ಆಗ ಅದು ಸುಲಭವಾಗಿ ಹೊರಗೆ ಹರಿದುಹೋಗುತ್ತದೆ, ಒಳಗೆ ಒತ್ತಡ ನಿಲ್ಲುವುದಿಲ್ಲ. ಜಾಡಿಯ ಗೋಡೆಗೆ ಅಂಟದೆ ಸಲೀಸಾಗಿ ಬಿಟ್ಟುಕೊಂಡು ಬರುವ ಹಿಟ್ಟಿನ ಹದವೇ ಸರಿಯಾದ ಹೊತ್ತು.

ಆ ಹೊತ್ತು ಎಲ್ಲ ಊರಲ್ಲೂ ಒಂದೇ ಅಲ್ಲ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಬಿಸಿಲಿಗೆ ಕೋಣೆಯೊಳಗೇ ಹದ ಬೇಗ ಬಂದು ಬೇಗ ದಾಟಿಹೋಗುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ಕಾಯಬೇಕಾಗುತ್ತದೆ. ಗಡಿಯಾರ ನೋಡಿ ಪ್ಯಾಕ್ ಮಾಡುವ ಅಭ್ಯಾಸ ಇರುವ ಲ್ಯಾಬ್‌ಗಳಲ್ಲಿ ಋತು ಬದಲಾದಾಗ ತೂತಿನ ದೂರು ಬಂದರೆ ಕಾರಣ ಇದೇ ಇರಬಹುದು. ಕೈಗೆ ಸಿಗುವ ಹದವನ್ನು ನಂಬಿ.

ಇನ್ನು ತೆಳು ಅಂಚುಗಳಲ್ಲಿ ಹಿಮ ಹಿಡಿದ ಹಾಗೆ ಬಿಳಿ ಬಿಳಿ ಪುಡಿ ಪುಡಿ ಕಂಡರೆ ಅದು ಲಿಕ್ವಿಡ್ ಕಡಿಮೆ ಬಿದ್ದದ್ದು, ಅಥವಾ ಕಲಸಿದ ಮೇಲೆ ಜಾಡಿಯ ಮುಚ್ಚಳ ತೆರೆದಿಟ್ಟು ಆರಿಹೋದದ್ದು. ಪೌಡರ್ ಪೂರ್ತಿ ನೆನೆದಿಲ್ಲ. ಮುಚ್ಚಳ ಹಾಕಿ, ಟ್ರಯಲ್ ಕ್ಲೋಷರ್‌ನಲ್ಲಿ (ಬೇಯಿಸುವ ಮುಂಚೆ ಫ್ಲಾಸ್ಕನ್ನು ಒಮ್ಮೆ ಒತ್ತಿ ಮುಚ್ಚಿ ನೋಡುವಾಗ) ಪಾಲಿಥೀನ್ ಹಾಳೆ ಬಳಸಿ, ಫ್ಲಾಸ್ಕ್ ತೆರೆದಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಅಲ್ಲೊಂದು ಇಲ್ಲೊಂದು ದೊಡ್ಡ ಗುಳ್ಳೆ ಇದ್ದರೆ ಕಲಸುವಾಗ ಗಾಳಿ ಸೇರಿದೆ, ಅಷ್ಟೇ.

ತೂತಿರುವ ಸೆಟ್ಟನ್ನು ಮೇಲೆ ತೇಪೆ ಹಾಕಿ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದೆರಡು ಗಾಳಿ ಗುಳ್ಳೆ ಬೇರೆ ಮಾತು. ಕುದಿದ ಅಥವಾ ಒತ್ತಡ ಸಾಲದ ಬೇಸ್ ಒಳಗೆಲ್ಲ ಟೊಳ್ಳು. ಬಿರುಕು ಶುರುವಾಗಲು ಅದಕ್ಕೆ ಜಾಗ ಹುಡುಕಬೇಕಾಗಿಯೇ ಇಲ್ಲ. ಮೇಲಾಗಿ ಆ ತೂತುಗಳಲ್ಲಿ ಶಿಲೀಂಧ್ರ ಕೂತರೆ ಬ್ರಷ್ ತಲುಪುವುದಿಲ್ಲ. ಮತ್ತೆ ಮಾಡಿಕೊಡಿ.

ಬಿಳಿಚಿಕೊಂಡ ಬೇಸ್

ಒಸಡಿಗೆ ತಾಗುವ ಕಡೆ ಮಾತ್ರ ಬಿಳಿ ಮಸುಕು, ಕೈಗೆ ಒರಟು, ಸ್ಟೋನ್ ಅಂಟಿಕೊಂಡಿದೆ ಅಂದರೆ ಕೋಲ್ಡ್ ಮೋಲ್ಡ್ ಸೀಲ್ (ಪ್ಯಾಕ್ ಮಾಡುವ ಮುಂಚೆ ಅಚ್ಚಿಗೆ ಬಳಿಯುವ ದ್ರಾವಣ) ಸರಿಯಾಗಿ ಹಚ್ಚಿಲ್ಲ. ಅದರಲ್ಲಿರುವ ಆಲ್ಜಿನೇಟ್ ಸ್ಟೋನಿನ ಕ್ಯಾಲ್ಸಿಯಂ ಜೊತೆ ಸೇರಿ ತೆಳ್ಳನೆ ಪೊರೆ ಕಟ್ಟುತ್ತದೆ. ಪೊರೆ ಇಲ್ಲದ ಕಡೆ ಸ್ಟೋನಿನ ನೀರು ಅಕ್ರಿಲಿಕ್‌ಗೆ ಇಳಿಯುತ್ತದೆ. ಡಿವ್ಯಾಕ್ಸ್ (ಅಚ್ಚಿನೊಳಗಿನ ಮೇಣ ಕರಗಿಸಿ ತೆಗೆಯುವುದು) ಆದ ಮೇಲೆ ಅಚ್ಚು ಬೆಚ್ಚಗಿರುವಾಗ, ಒದ್ದೆ ಇಲ್ಲದಾಗ, ಎರಡು ತೆಳು ಕೋಟ್ ಹಚ್ಚಿ. ಮೇಣ ಉಳಿದಿದ್ದರೆ ಅದರ ಮೇಲೆ ಪೊರೆ ಹಿಡಿಯುವುದಿಲ್ಲ.

ಇಡೀ ಸೆಟ್ಟು ಪೇಲವವಾಗಿ ಬಣ್ಣ ಕಳೆದುಕೊಂಡಿದ್ದರೆ ಮನೆಯವರನ್ನು ಕೇಳಿ. ಬ್ಲೀಚಿಂಗ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸುವುದು, ಕುದಿಯುವ ನೀರು ಸುರಿಯುವುದು, ಎರಡರಿಂದಲೂ ಹೀಗಾಗುತ್ತದೆ.

ಮೊದಲ ದಿನವೇ ಕೂರುವುದಿಲ್ಲ

ಮೇಲಿನ ಸೆಟ್ಟು ಹಿಂಭಾಗದಲ್ಲಿ ಗಾಳಿ ಬಿಡುತ್ತದೆ, ಕೆಮ್ಮಿದರೆ ಬೀಳುತ್ತದೆ. ಸೆಟ್ಟನ್ನು ಮಾಡೆಲ್ (ಬಾಯಿಯ ಅಳತೆಯಿಂದ ಮಾಡಿದ ಸ್ಟೋನಿನ ಪ್ರತಿರೂಪ) ಮೇಲೆ ಕೂರಿಸಿ ಹಿಂದಿನಿಂದ ನೋಡಿ. ಅಂಗುಳದ ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಅದು ಅಕ್ರಿಲಿಕ್ ಕುಗ್ಗಿದ್ದರ ಗುರುತು. ಎಷ್ಟು ಚೆನ್ನಾಗಿ ಬೇಯಿಸಿದರೂ ಸ್ವಲ್ಪ ಕುಗ್ಗುತ್ತದೆ, ಅಗಲದಲ್ಲಿ ಅರ್ಧ ಶೇಕಡಾದ ಒಳಗೆ. ಇದರಲ್ಲಿ ಜಾಸ್ತಿ ಪಾಲು ಬೆಂದ ಮೇಲೆ ತಣ್ಣಗಾಗುವಾಗ ಬರುವಂಥದ್ದು. ಸ್ಟೋನು, ಅಕ್ರಿಲಿಕ್ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಬಿಸಿ ಫ್ಲಾಸ್ಕನ್ನು ನಲ್ಲಿಯ ಕೆಳಗೆ ಹಿಡಿದರೆ ಆ ಎಳೆದಾಟವೆಲ್ಲ ಬೇಸ್‌ನೊಳಗೇ ಸಿಕ್ಕಿಕೊಳ್ಳುತ್ತದೆ, ಫ್ಲಾಸ್ಕಿನಿಂದ ಬಿಡಿಸಿದ ಕೂಡಲೇ ಸೆಟ್ಟು ಸೊಟ್ಟಗಾಗುತ್ತದೆ. ನೀರಿನಲ್ಲೇ ತಣಿಯಲು ಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಅವಸರ ಇದ್ದರೂ ಮೇಜಿನ ಮೇಲೆ ಅರ್ಧ ಗಂಟೆ ಇಟ್ಟು, ಆಮೇಲೆ ತಣ್ಣೀರಿಗೆ ಇಳಿಸಿ.

ಪಾಲಿಶ್ ಮಾಡುವಾಗಲೂ ಬೇಸ್ ಸೊಟ್ಟಗಾಗುತ್ತದೆ. ಒಣ ಬಫ್‌ಗೆ ಒತ್ತಿ ಹಿಡಿದರೆ ಆ ಜಾಗ ಮೆತ್ತಗಾಗುವಷ್ಟು ಬಿಸಿ ಏರುತ್ತದೆ. ಪ್ಯುಮಿಸ್ (ಪಾಲಿಶ್ ಪುಡಿ) ಒದ್ದೆ ಇರಲಿ, ಕೈ ಹಗುರ ಇರಲಿ.

ಮಾಡೆಲ್ ಮೇಲೆ ಸರಿಯಾಗಿ ಕೂತು ಬಾಯಿಯಲ್ಲಿ ಮಾತ್ರ ಕೂರದಿದ್ದರೆ ಅಳತೆಯಲ್ಲಿ ದೋಷ ಇದೆ. ಬೇಸ್ ಮೇಲೆ ಹೊರಿಸಬೇಡಿ. ಹಲ್ಲು ಕಚ್ಚಿದಾಗ ಎಲ್ಲ ಕಡೆ ಒಂದೇ ಸಮನಾಗಿ ಎತ್ತರ ಬಂದಿದ್ದರೆ ಫ್ಲಾಸ್ಕ್ ಪೂರ್ತಿ ಮುಚ್ಚಿಲ್ಲ: ಹದ ದಾಟಿದ ಮೆಟೀರಿಯಲ್ ತುರುಕಿದ್ದಾರೆ, ಅಥವಾ ಟ್ರಯಲ್ ಕ್ಲೋಷರ್ ಬಿಟ್ಟಿದ್ದಾರೆ.

ಸರಿಯಾಗಿದ್ದ ಸೆಟ್ಟು ಒಂದೇ ದಿನದಲ್ಲಿ ಸಡಿಲವಾಯಿತು ಅಂದರೆ ಬಿಸಿ ನೀರಿನಲ್ಲಿ ತೊಳೆದಿದ್ದಾರಾ ಕೇಳಿ. ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಇಟ್ಟಿದ್ದೂ ಕಾರಣ ಆಗಬಹುದು. ಸೆಟ್ಟು ಹಾಕದ ಹೊತ್ತಿನಲ್ಲಿ ಅದು ತಣ್ಣೀರಿನಲ್ಲಿರಬೇಕು. ಅಕ್ರಿಲಿಕ್ ನಿಧಾನವಾಗಿ ನೀರು ಹೀರಿ ಸ್ವಲ್ಪ ಹಿಗ್ಗುತ್ತದೆ, ಕುಗ್ಗಿದ್ದರಲ್ಲಿ ಒಂದು ಪಾಲನ್ನು ಅದು ಸರಿದೂಗಿಸುತ್ತದೆ. ಒಣಗಿಸಿದರೆ ಮತ್ತೆ ಕುಗ್ಗುತ್ತದೆ.

ಮೇಲಿನ ಸೆಟ್ಟು ನಡುವೆ ಎರಡು ಹೋಳು

ಲ್ಯಾಬ್‌ಗೆ ಬರುವ ರಿಪೇರಿಗಳಲ್ಲಿ ಪದೇ ಪದೇ ಕಾಣುವುದು ಇದು. ಮುಂದಿನ ಎರಡು ಹಲ್ಲುಗಳ ನಡುವಿನಿಂದ ಹಿಂದಕ್ಕೆ ನೇರ ಬಿರುಕು. ಮನೆಯವರು "ಊಟ ಮಾಡುವಾಗ ಸುಮ್ನೆ ಒಡೆದುಹೋಯ್ತು" ಅನ್ನುತ್ತಾರೆ. ಅವರು ಹೇಳುವುದು ನಿಜ. ಆ ತುತ್ತಿಗೆ ಒಡೆದದ್ದಲ್ಲ, ಅದಕ್ಕೂ ಮೊದಲು ಸಾವಿರಾರು ಸಲ ಬಾಗಿ ಬಾಗಿ ಒಡೆದದ್ದು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಒಂದು ಹೊತ್ತಿಗೆ ತುಂಡಾಗುತ್ತದಲ್ವಾ, ಹಾಗೆ.

ಹಾಗಾದರೆ ಅದು ಯಾಕೆ ಬಾಗುತ್ತಿತ್ತು? ಹಲ್ಲು ಹೋದ ಮೇಲೆ ಒಸಡಿನ ದಿಂಡಿನ ಮೂಳೆ ವರ್ಷ ವರ್ಷಕ್ಕೆ ಕರಗುತ್ತದೆ. ಅಂಗುಳದ ನಡುವಿನ ಮೂಳೆ ಅಷ್ಟಾಗಿ ಕರಗುವುದಿಲ್ಲ. ಎರಡು ಬದಿ ತಗ್ಗಿ ನಡು ಮಾತ್ರ ಉಳಿದಾಗ ಸೆಟ್ಟು ಆ ನಡುವಿನ ಮೇಲೆ ತೂಗಾಡುತ್ತದೆ. ಪ್ರತಿ ತುತ್ತಿಗೂ ಎರಡು ಬದಿ ಒಸಡಿನ ಕಡೆಗೆ ಒತ್ತುತ್ತವೆ, ನಡು ಬಾಗುತ್ತದೆ. ವರ್ಷಗಳ ನಂತರ ಒಡೆದ ಸೆಟ್ಟಿನಲ್ಲಿ ಇದನ್ನೇ ಮೊದಲು ನೋಡಬೇಕು. ಹೋಳುಗಳನ್ನು ತಾತ್ಕಾಲಿಕವಾಗಿ ಜೋಡಿಸಿ ಬಾಯಿಗಿಟ್ಟು, ಡಾಕ್ಟರ್ ಒಂದು ಬದಿಯ ಹಿಂದಿನ ಹಲ್ಲನ್ನು ಬೆರಳಲ್ಲಿ ಒತ್ತಲಿ, ಆಮೇಲೆ ಇನ್ನೊಂದು ಬದಿಯದನ್ನು. ಸೆಟ್ಟು ಅಲುಗಾಡಿದರೆ ಉತ್ತರ ಸಿಕ್ಕಿತು. ಇಂಥ ಸೆಟ್ಟನ್ನು ಜೋಡಿಸಿ ಸುಮ್ನೆ ಕೊಟ್ಟರೆ ಪ್ರಯೋಜನ ಇಲ್ಲ. ಜೋಡಿಸಿದ ಮೇಲೆ ರಿಲೈನ್ (ಒಸಡಿನ ಕಡೆಯ ಮೈಗೆ ಹೊಸ ಪದರ ಕೊಡುವುದು) ಅಥವಾ ರಿಬೇಸ್ (ಹಲ್ಲು ಉಳಿಸಿಕೊಂಡು ಬೇಸನ್ನೇ ಬದಲಿಸುವುದು) ಆಗಲೇಬೇಕು.

ಒಂದೆರಡು ತಿಂಗಳಲ್ಲೇ ಒಡೆದರೆ ಬೇರೆ ಕಡೆ ನೋಡಿ. ಅಂಗುಳದ ನಡುವೆ ಮೂಳೆಯ ಉಬ್ಬು ಇದೆಯಾ, ಅದಕ್ಕೆ ರಿಲೀಫ್ (ಒತ್ತದ ಹಾಗೆ ಸ್ವಲ್ಪ ಜಾಗ) ಕೊಟ್ಟಿದ್ದಾರಾ? ಕೆಳಗೆ ಸ್ವಂತ ಹಲ್ಲುಗಳು ಇವೆಯಾ? ಮೇಲೆ ಸೆಟ್ಟು, ಕೆಳಗೆ ಗಟ್ಟಿ ಸ್ವಂತ ಹಲ್ಲು ಇದ್ದರೆ ಮಾಮೂಲಿ ಅಕ್ರಿಲಿಕ್ ಬಹಳ ದಿನ ತಾಳುವುದು ಕಷ್ಟ. ಕ್ಯಾಲಿಪರ್ ಹಿಡಿದು ಅಂಗುಳದ ದಪ್ಪ ಅಳೆಯಿರಿ. ಎರಡು ಮಿಲಿಮೀಟರ್ ಆಸುಪಾಸು ಇರಬೇಕು, ನಾಲಿಗೆಗೆ ಹಗುರ ಆಗಲಿ ಅಂತ ಜಾಸ್ತಿ ಉಜ್ಜಿದ್ದರೆ ಅಲ್ಲಿಂದಲೇ ಬಿರಿಯುತ್ತದೆ. ಮೇಲ್ದುಟಿಯ ಒಳಗಿನ ನರದಂಥ ಎಳೆಗೆ ಜಾಗ ಬಿಡಲು ಮುಂದಿನ ಅಂಚಿನಲ್ಲಿ ಒಂದು ಕಚ್ಚು ಕೊರೆದಿರುತ್ತಾರಲ್ಲ, ಅದು ಚೂಪಾಗಿ ಆಳವಾಗಿದ್ದರೆ ಬಿರುಕು ಅದರ ತುದಿಯಿಂದ ಹೊರಡುತ್ತದೆ. ಆ ಕಚ್ಚು ದುಂಡಾಗಿ, ನುಣುಪಾಗಿ ಇರಬೇಕು. ಮುಂದಿನ ಹಲ್ಲುಗಳ ನಡುವೆ ಸಂದು ಬಿಟ್ಟು ಜೋಡಿಸಿದ ಸೆಟ್ಟಿಗೂ ಇದೇ ಕಷ್ಟ.

ಒಡೆದ ಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಗುಳ್ಳೆಗಳಿದ್ದರೆ ಅದು ಲ್ಯಾಬ್ ದೋಷ. ನಾನು ಮೊದಲೇ ಹೇಳಿದ ಅಪವಾದ ಇದು: ಒಳಗಿನ ತೂತು ಮೊದಲ ದಿನವೇ ಇದ್ದರೂ, ಬಿರುಕಾಗಿ ಹೊರಗೆ ಬರುವುದು ವರ್ಷಗಳ ನಂತರ. ಅಂಚಿನ ಒಂದು ಭಾಗ ಕೊಳೆ ಹಿಡಿದು ಕಪ್ಪಾಗಿದ್ದು ಉಳಿದದ್ದು ಹೊಸದಾಗಿ ಹೊಳೆಯುತ್ತಿದ್ದರೆ ಕಪ್ಪಾದ ಭಾಗ ಮೊದಲೇ ಬಿರಿದಿತ್ತು. ಬಿರುಕು ಎಲ್ಲಿಂದ ಹೊರಟಿತು ಅಂತ ಇದರಿಂದ ತಿಳಿಯುತ್ತದೆ.

ಹೋಳುಗಳು ಸರಿಯಾಗಿ ಕೂಡಿಕೊಳ್ಳುತ್ತವಾ ನೋಡಿ. ಮನೆಯಲ್ಲೇ ದಿಢೀರ್ ಗಮ್ಮು ಹಾಕಿ ಅಂಟಿಸಿ ತಂದಿದ್ದರೆ ಅಂಚುಗಳು ಹೊಂದುವುದಿಲ್ಲ, ಗಮ್ಮನ್ನು ಕೆರೆಯುವಾಗ ಅಂಚೇ ಹೋಗುತ್ತದೆ. ದಯವಿಟ್ಟು ಮನೆಯಲ್ಲಿ ಅಂಟಿಸಬೇಡಿ. ಚೂರುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ತನ್ನಿ, ಸಣ್ಣ ಚೂರನ್ನೂ ಬಿಡದೆ.

ಜೋಡಿಸುವಾಗ ಬಿರುಕಿನ ಎರಡೂ ಬದಿಯನ್ನು ಓರೆಯಾಗಿ ಕೊರೆದು ಮೂರು ಮಿಲಿಮೀಟರ್‌ನಷ್ಟು ಸಂದು ಮಾಡಿ, ಮೋನೊಮರ್ ಹಚ್ಚಿ ತುಂಬಿ. ನೇರ ಅಂಚಿನ ಜೋಡಣೆ ನಿಲ್ಲುವುದಿಲ್ಲ. ಪ್ರೆಷರ್ ಪಾಟ್ ಇದ್ದರೆ ಬೆಚ್ಚನೆ ನೀರಿನಲ್ಲಿ, 45 ಡಿಗ್ರಿ ಆಸುಪಾಸು, ಒತ್ತಡ ಕೊಟ್ಟು ಗಟ್ಟಿ ಮಾಡಿ. ತೆರೆದ ಗಾಳಿಯಲ್ಲಿ ಗಟ್ಟಿಯಾದ ಕೋಲ್ಡ್ ಕ್ಯೂರ್‌ನಲ್ಲಿ ಗುಳ್ಳೆ ಜಾಸ್ತಿ, ಶಕ್ತಿ ಕಡಿಮೆ. ಒಳಗೆ ತಂತಿ, ಜಾಲರಿ ಇಡುವ ರೂಢಿ ಇದೆ. ಅಕ್ರಿಲಿಕ್ ಲೋಹಕ್ಕೆ ತಾನಾಗಿ ಅಂಟುವುದಿಲ್ಲ. ಎಳೆತ ಬೀಳುವ ಕಡೆಗೆ, ಬಿರುಕಿಗೆ ಅಡ್ಡವಾಗಿ ಇಟ್ಟರೆ ಮಾತ್ರ ಸಹಾಯ, ಎಲ್ಲೋ ನಡುವೆ ಹುದುಗಿಸಿದರೆ ಅದೇ ಹೊಸ ದುರ್ಬಲ ಜಾಗ ಆಗುತ್ತದೆ. ಮತ್ತೆ ಮತ್ತೆ ಒಡೆಯುವ ಬಾಯಿಗೆ ರಬ್ಬರ್ ಕಣ ಸೇರಿಸಿದ ಹೈ ಇಂಪ್ಯಾಕ್ಟ್ ಅಕ್ರಿಲಿಕ್ ಅಥವಾ ಮೆಟಲ್ ಬೇಸ್ ಹೇಳುವುದೇ ನ್ಯಾಯ. ಹಣ ಸ್ವಲ್ಪ ಜಾಸ್ತಿ ಆಗುತ್ತದೆ. ಆದರೆ ವಯಸ್ಸಾದವರನ್ನು ಪ್ರತಿ ಸಲ ಹಲ್ಲಿಲ್ಲದೆ ಎರಡು ದಿನ ಗಂಜಿಯ ಮೇಲೆ ಕೂರಿಸುವುದಕ್ಕೂ ಒಂದು ಬೆಲೆ ಇದೆ.

ಕೆಳಗಿನ ಸೆಟ್ಟು ಒಡೆದಿದ್ದರೆ ಕೈಜಾರಿ ಬಿತ್ತಾ ಅಂತ ಮೊದಲು ಕೇಳಿ. ತೊಳೆಯುವಾಗ ಸಿಂಕಿನಲ್ಲಿ ನೀರು ತುಂಬಿಸಿಟ್ಟುಕೊಳ್ಳಿ, ಇಲ್ಲವೇ ಒಂದು ಟವೆಲ್ ಹಾಸಿಕೊಳ್ಳಿ.

ಕೂದಲೆಳೆ ಗೀರುಗಳು

ಬೆಳಕಿಗೆ ಹಿಡಿದಾಗ ಮೈಮೇಲೆ ಬಲೆಯಂತೆ ಸಣ್ಣ ಬಿರುಕು. ಇದು ಒಳಗೆ ಸಿಕ್ಕಿಕೊಂಡ ಎಳೆತ ಹೊರಬರುವ ರೀತಿ. ಹಲ್ಲುಗಳ ಸುತ್ತ ಮಾತ್ರ ಇದ್ದರೆ, ಹಲ್ಲು ಪಿಂಗಾಣಿಯದಾ ನೋಡಿ. ಅಕ್ರಿಲಿಕ್ ಪಿಂಗಾಣಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಕುಗ್ಗುತ್ತದೆ, ತಣ್ಣಗಾಗುವಾಗ ಹಲ್ಲಿನ ಕತ್ತಿನ ಸುತ್ತ ಎಳೆದು ಬಿರಿಯುತ್ತದೆ. ರಿಪೇರಿ ಜಾಗದ ಸುತ್ತ ಇದ್ದರೆ ಮೋನೊಮರ್ ಜಾಸ್ತಿ ಹೊತ್ತು ತಾಗಿದೆ. ಎಲ್ಲ ಕಡೆ ಇದ್ದರೆ ಸ್ಪಿರಿಟ್ ಹಚ್ಚಿ ಒರೆಸುವ ಅಭ್ಯಾಸ, ಅಥವಾ ಪದೇ ಪದೇ ಒಣಗಿಸಿ ನೆನೆಸುವುದು. ಆಲ್ಕೋಹಾಲ್ ಇರುವ ಯಾವುದೂ ಅಕ್ರಿಲಿಕ್‌ಗೆ ಆಗುವುದಿಲ್ಲ.

ಹಲ್ಲು ಕಳಚಿ ಬಂದಿದೆ

ಹಲ್ಲಿನ ತಳ ಮತ್ತು ಬೇಸ್‌ನಲ್ಲಿ ಅದು ಕೂತಿದ್ದ ಗುಂಡಿ, ಎರಡನ್ನೂ ನೋಡಿ. ಹಲ್ಲಿನ ತಳಕ್ಕೆ ಗುಲಾಬಿ ಚೂರು ಅಂಟಿದ್ದರೆ ಬೆಸುಗೆ ಚೆನ್ನಾಗಿತ್ತು, ಹೊಡೆತ ಜಾಸ್ತಿ ಬಿದ್ದಿದೆ, ಕಚ್ಚುವ ಹೊಂದಾಣಿಕೆ ಪರೀಕ್ಷಿಸಿ. ತಳ ಗಾಜಿನ ಹಾಗೆ ನುಣುಪಾಗಿದ್ದರೆ ಬೆಸುಗೆಯೇ ಆಗಿಲ್ಲ. ಕಾರಣ ಬಹುತೇಕ ಉಳಿದ ಮೇಣ, ಅಥವಾ ಹಲ್ಲಿನ ಮೇಲೆ ಹರಿದ ಕೋಲ್ಡ್ ಮೋಲ್ಡ್ ಸೀಲ್. ಡಿವ್ಯಾಕ್ಸ್ ಮಾಡಿದ ಮೇಲೆ ಸೋಪು ಬೆರೆಸಿದ ಬಿಸಿ ನೀರು, ಕೊನೆಗೆ ಶುದ್ಧ ಕುದಿನೀರು ಹುಯ್ಯಿರಿ. ಒಂದೇ ಪಾತ್ರೆಯ ಮೇಣ ತೇಲುವ ನೀರನ್ನೇ ಮತ್ತೆ ಮತ್ತೆ ಹುಯ್ದರೆ ಮೇಣವನ್ನೇ ಬಳಿದಂತೆ. ಹಲ್ಲಿನ ತಳದ ಹೊಳಪನ್ನು ಸ್ವಲ್ಪ ಉಜ್ಜಿ, ಪ್ಯಾಕ್ ಮಾಡುವ ಮುಂಚೆ ಮೋನೊಮರ್ ಸವರಿ.

ಬಾಯಿ ಉರಿ, ಒಸಡು ಕೆಂಪು

"ಅಲರ್ಜಿ" ಅನ್ನುವ ಮಾತು ಇಲ್ಲಿ ಬೇಗ ಬರುತ್ತದೆ. ನಿಜವಾದ ಅಲರ್ಜಿ ಕಡಿಮೆ. ಸೆಟ್ಟು ಮುಚ್ಚಿದಷ್ಟೂ ಜಾಗ ಕೆಂಪಾಗಿ, ನೋವು ಅಷ್ಟಿಲ್ಲದೆ ಇದ್ದರೆ ಅದು ಸಾಮಾನ್ಯವಾಗಿ ಕ್ಯಾಂಡಿಡಾ ಶಿಲೀಂಧ್ರದ ಕೆಲಸ. ರಾತ್ರಿಯೂ ಸೆಟ್ಟು ತೆಗೆಯದೆ ಮಲಗುವವರಲ್ಲಿ ಜಾಸ್ತಿ. ಡಾಕ್ಟರ್ ಚಿಕಿತ್ಸೆ ಬೇಕು, ರಾತ್ರಿ ಸೆಟ್ಟು ತೆಗೆದಿಡಬೇಕು. ಒಂದು ಚುಕ್ಕೆಯಷ್ಟು ಜಾಗ ನೋಯುತ್ತಿದ್ದರೆ ಅಲ್ಲಿ ಒತ್ತುತ್ತಿದೆ, ಒತ್ತುವ ಜಾಗ ತೋರಿಸುವ ಪ್ರೆಷರ್ ಪೇಸ್ಟ್ ಹಚ್ಚಿ ನೋಡಿ.

ಹೊಸ ಸೆಟ್ಟು ಅಥವಾ ಹೊಸ ರಿಪೇರಿ ಹಾಕಿದ ಕೆಲವೇ ದಿನದಲ್ಲಿ ಉರಿ ಶುರುವಾದರೆ ಮಾತ್ರ ಉಳಿದ ಮೋನೊಮರ್ ಬಗ್ಗೆ ಯೋಚಿಸಿ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೀಟ್ ಕ್ಯೂರ್‌ನಲ್ಲಿ ಅದು 2.2 ಶೇಕಡಾ, ಕೋಲ್ಡ್ ಕ್ಯೂರ್‌ನಲ್ಲಿ 4.5 ಶೇಕಡಾ ಮೀರಬಾರದು. ಸರಿಯಾಗಿ ಬೆಂದ ಹೀಟ್ ಕ್ಯೂರ್‌ನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಕೊನೆಯ ಒಂದು ಗಂಟೆಯ ಕುದಿಯನ್ನು ಬಿಟ್ಟರೆ ಏರುತ್ತದೆ. ನಡುವೆ ಕರೆಂಟ್ ಹೋಗುವುದು ನಮ್ಮ ಊರುಗಳ ನಿಜವಾದ ಸಮಸ್ಯೆ. ಹಾಗಾದರೆ ಕ್ಲ್ಯಾಂಪ್ ಬಿಚ್ಚಬೇಡಿ, ಫ್ಲಾಸ್ಕ್ ನೀರಿನಲ್ಲೇ ಇರಲಿ. ಕರೆಂಟ್ ಬಂದು ನೀರು 74ಕ್ಕೆ ಏರಿದ ಮೇಲೆ ಹೊತ್ತನ್ನು ಮೊದಲಿನಿಂದ ಎಣಿಸಿ. ರಿಪೇರಿ ಮಾಡಿದ ಸೆಟ್ಟನ್ನು 50 ಡಿಗ್ರಿ ಬೆಚ್ಚನೆ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಮೋನೊಮರ್ ಚೆನ್ನಾಗಿ ಇಳಿಯುತ್ತದೆ. ಅದಕ್ಕಿಂತ ಬಿಸಿ ಬೇಡ. ಹೊಸ ಸೆಟ್ಟನ್ನೂ ಕೊಡುವ ಮುಂಚೆ ಒಂದೆರಡು ದಿನ ನೀರಿನಲ್ಲಿಡುವುದು ಒಳ್ಳೆಯ ಪದ್ಧತಿ.

ಅಲರ್ಜಿಯ ಅಪಾಯ ನಿಜವಾಗಿ ಇರುವುದು ಮೆಟೀರಿಯಲ್ ಕಲಸುವ ಕೈಗಳಿಗೆ. ಬೆರಳ ತುದಿ ಬಿರಿಯುವುದು, ತುರಿಸುವುದು ಕಂಡರೆ ಕಡೆಗಣಿಸಬೇಡಿ. ಮೋನೊಮರ್ ಮಾಮೂಲಿ ಗ್ಲೌಸನ್ನು ದಾಟಿ ಒಳಗೆ ಹೋಗುತ್ತದೆ. ಬರಿಗೈಲಿ ನಾದುವುದನ್ನು ಬಿಡಿ, ಪಾಲಿಥೀನ್ ಹಾಳೆಯ ನಡುವೆ ಹಿಡಿಯಿರಿ, ಕಿಟಕಿ ತೆರೆದಿಡಿ.

ಬಣ್ಣ, ಕಲೆ, ಒರಟು

ಅಕ್ರಿಲಿಕ್ ಬಹಳ ಮೆತ್ತನೆಯ ವಸ್ತು. ನೂಪ್ ಅನ್ನುವ ಅಳತೆಯಲ್ಲಿ ಅದರ ಗಡಸುತನ 20ರ ಆಸುಪಾಸು, ನಮ್ಮ ಹಲ್ಲಿನ ಎನಾಮಲ್‌ಗೆ 300ಕ್ಕೂ ಮೇಲೆ. ಹಲ್ಲಿಗೆ ಆಗುವ ಟೂತ್‌ಪೇಸ್ಟ್ ಸೆಟ್ಟಿಗೆ ಗೀರು ಹಾಕುತ್ತದೆ. ಇದ್ದಿಲ ಪುಡಿ, ಬೂದಿ, ಉಪ್ಪು ಇನ್ನೂ ಕೆಟ್ಟವು. ಗೀರಿನಲ್ಲಿ ಎಲೆ ಅಡಿಕೆಯ ಕಲೆ ಕೂತರೆ ಬಿಡುವುದಿಲ್ಲ. ಮೆತ್ತನೆಯ ಬ್ರಷ್, ಸೋಪು ನೀರು ಸಾಕು. ಬೋರ್‌ವೆಲ್ ನೀರಿನ ಊರುಗಳಲ್ಲಿ ಬಿಳಿ ಗಟ್ಟಿ ಪದರ ಕಟ್ಟುತ್ತದೆ. ಅದನ್ನು ಬ್ಲೇಡಿನಿಂದ ಕೆರೆಯಬೇಡಿ, ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿ ಸಡಿಲಿಸಿ. ಲೋಹ ಇರುವ ಸೆಟ್ಟನ್ನು ಅದರಲ್ಲಿ ಬಹಳ ಹೊತ್ತು ಬಿಡಬೇಡಿ.

ಮೆಟಲ್ ಮತ್ತು ಫ್ಲೆಕ್ಸಿಬಲ್

ಕೋಬಾಲ್ಟ್ ಕ್ರೋಮಿಯಂ ಬೇಸ್ ಅರ್ಧ ಮಿಲಿಮೀಟರ್ ದಪ್ಪ ಇದ್ದರೂ ಬಾಗುವುದಿಲ್ಲ, ಕಾಫಿಯ ಬಿಸಿ ನಾಲಿಗೆಗೆ, ಅಂಗುಳಕ್ಕೆ ಗೊತ್ತಾಗುತ್ತದೆ. ಅಲ್ಲಿ ದೋಷ ಬರುವುದು ಲೋಹ ಮತ್ತು ಅಕ್ರಿಲಿಕ್ ಸೇರುವ ಗೆರೆಯಲ್ಲಿ. ಆ ಗೆರೆ ಕಪ್ಪಾಗಿದ್ದರೆ ಸಂದಿನಲ್ಲಿ ಎಂಜಲು ಇಳಿಯುತ್ತಿದೆ. ಸೇರುವ ಜಾಗದಲ್ಲಿ ಮೆಟ್ಟಿಲು ಇಲ್ಲದೆ ಅಕ್ರಿಲಿಕ್ ತೆಳ್ಳಗೆ ಮುಗಿದಿದ್ದರೆ ಹೀಗಾಗುತ್ತದೆ. ಆ ಭಾಗದ ಅಕ್ರಿಲಿಕ್ ತೆಗೆದು, ಲೋಹವನ್ನು ಸ್ಯಾಂಡ್‌ಬ್ಲಾಸ್ಟ್ ಮಾಡಿ, ಮೆಟಲ್ ಪ್ರೈಮರ್ ಹಚ್ಚಿ ಮತ್ತೆ ಕಟ್ಟಬೇಕು. ಹೈಪೋಕ್ಲೋರೈಟ್ ಇರುವ ದ್ರಾವಣ ಈ ಲೋಹವನ್ನು ತಿನ್ನುತ್ತದೆ, ಬಳಸಲೇಬಾರದು.

ಫ್ಲೆಕ್ಸಿಬಲ್ ಸೆಟ್ಟಿನಲ್ಲಿ ಹಲ್ಲು ಕಳಚಿದರೆ ಕೋಲ್ಡ್ ಕ್ಯೂರ್ ಹಾಕಲು ಹೋಗಬೇಡಿ. ನೈಲಾನ್ ಅಕ್ರಿಲಿಕ್ ಜೊತೆ ಬೆಸೆಯುವುದಿಲ್ಲ. ಅಲ್ಲಿ ಹಲ್ಲು ನಿಲ್ಲುವುದು ಅದರೊಳಗೆ ಕೊರೆದ ರಂಧ್ರಕ್ಕೆ ನೈಲಾನ್ ಹರಿದು ಬಿಗಿಹಿಡಿಯುವುದರಿಂದ ಮಾತ್ರ. ಹಲ್ಲನ್ನು ಹೊರಗೆ ತೆಗೆದು ನೋಡಿ, ರಂಧ್ರ ಇಲ್ಲದಿದ್ದರೆ ಅಥವಾ ನೈಲಾನ್ ಅದರೊಳಗೆ ಪೂರ್ತಿ ಹೋಗಿಲ್ಲದಿದ್ದರೆ ಕಾರಣ ಅದೇ. ರಿಪೇರಿಗೆ ಮತ್ತೆ ಇಂಜೆಕ್ಷನ್ ಮೆಷಿನ್ ಬೇಕು, ಸೆಟ್ಟು ಮಾಡಿದ ಲ್ಯಾಬ್‌ಗೇ ಕಳಿಸಿ. ಮೈ ಎಳೆ ಎಳೆಯಾಗಿ ಒರಟಾಗಿದ್ದರೆ ಅಕ್ರಿಲಿಕ್‌ಗೆ ಬಳಸುವ ಬರ್ರಿನಿಂದ ವೇಗವಾಗಿ ಉಜ್ಜಿದ್ದಾರೆ. ನೈಲಾನ್ ಕರಗಿ ಎಳೆ ಬಿಡುತ್ತದೆ, ಅದಕ್ಕೆಂದೇ ಇರುವ ರಬ್ಬರ್ ವೀಲು, ಕಡಿಮೆ ವೇಗ ಬೇಕು. ಮತ್ತೆ, ಪೂರ್ತಿ ಸೆಟ್ಟನ್ನು ಫ್ಲೆಕ್ಸಿಬಲ್‌ನಲ್ಲಿ ಮಾಡಿಸಿ ಒಸಡು ನೋವು ಅನ್ನುವವರಿಗೆ ಹೇಳಬೇಕಾದ್ದನ್ನು ಮುಲಾಜಿಲ್ಲದೆ ಹೇಳಿ: ಬಾಗುವ ಬೇಸ್ ಕಚ್ಚುವ ಭಾರವನ್ನು ಇಡೀ ಒಸಡಿಗೆ ಹಂಚುವುದಿಲ್ಲ, ಹಲ್ಲಿನ ಕೆಳಗಿನ ಜಾಗಕ್ಕೇ ಒತ್ತುತ್ತದೆ. ಅದನ್ನು ರಿಲೈನ್ ಮಾಡುವುದೂ ಸುಲಭವಿಲ್ಲ. ಅವರಿಗೆ ಅಕ್ರಿಲಿಕ್ ಅಥವಾ ಮೆಟಲ್ ಬೇಸ್‌ನಲ್ಲಿ ಹೊಸ ಸೆಟ್ಟು ಮಾಡಿಸಬೇಕಾಗುತ್ತದೆ.